ಮೂರು ದಿನದ ಜಾಗ

ಕುರಾಮೋಚಿಯ ಗಲ್ಲಕ್ಕೆ ಸೋಪಿನ ನೊರೆ ಹಚ್ಚಿ ಆಗಿತ್ತು. ಆದರೂ ಅವನು ಪತ್ರಿಕೆ ಕೆಳಗಿಡಲಿಲ್ಲ. ಕುರ್ಚಿಯಲ್ಲಿ ಅಂಗಾತ ಒರಗಿ, ಎರಡೂ ಕೈಯಿಂದ ಹಾಳೆಯನ್ನು ಮುಖದ ಮೇಲೆ ಎತ್ತಿ ಹಿಡಿದು ಗಟ್ಟಿಯಾಗಿ ಓದಿದ.

“‘ಮೂರನೆಯ ಕ್ಯಾಚರ್‌ಗೆ ಈ ಸಲ ಜಾಗವಿಲ್ಲ. ಇದು ಅಭಿಪ್ರಾಯವಲ್ಲ, ಲೆಕ್ಕ. ಇನೊಮಾತಾ ತಾಕುಮಾ ಒಳ್ಳೆಯ ಗೋಡೆ. ತಂಡ ಅವನನ್ನು ಗೋಡೆಯಾಗಿಯೇ ಬಳಸಿಕೊಳ್ಳಲಿ.’ ಕೆಳಗೆ ಹೆಸರು: ಇನೊಮಾತಾ ತೋಕುಜಿ, ಕ್ಷೌರಿಕ. ಏನ್ರೀ ತೈಶೋ, ಒಂದೇ ತುಣುಕಲ್ಲಿ ಎರಡು ಇನೊಮಾತಾ! ಓದಿದೋರು ಏನಂದ್ಕೋಬೇಕು?”

“ಅಪ್ಪ, ಮಗ ಅಂದ್ಕೋತಾರೆ. ಪತ್ರಿಕೆ ಇಳಿಸಿ, ಕತ್ತಿ ಹತ್ರ ಇದೆ,” ಎಂದ ತೋಕುಜಿ.

ತೈಶೋ ಎಂದರೆ ದಂಡನಾಯಕ. ಶಿಯೋತ್ಸು ಊರಿನಲ್ಲಿ ಒಂದೇ ಕುರ್ಚಿಯ ಅಂಗಡಿ ಇಟ್ಟವನಿಗೂ ಅದೇ ಬಿರುದು. ತೋಕುಜಿಯ ಕ್ಷೌರದಂಗಡಿ ಬೇಸ್‌ಬಾಲ್ ಅಂಗಣದ ಹಿಂಬದಿಯ ಓಣಿಯಲ್ಲಿತ್ತು. ಕಿಟಕಿ ತೆರೆದಿದ್ದರೆ ಅಭಿಮಾನಿಗಳ ಡೋಲು ಅಂಗಡಿಯೊಳಗೇ ಬಾರಿಸಿದಂತೆ ಕೇಳುತ್ತಿತ್ತು. ಆ ಡೋಲು ಬಾರಿಸುವವನು ಇದೇ ಕುರಾಮೋಚಿ. ಹಿಂದೆ ದೋಣಿ ಕಂಪನಿಯಲ್ಲಿದ್ದ. ನಿವೃತ್ತನಾದ ಮೇಲೆ ಅವನಿಗೆ ಡೋಲೇ ಉದ್ಯೋಗ.

ಊರಿನ ತಂಡದ ಹೆಸರು ಶಿರಾಸಾಗಿ, ಬಿಳಿ ಕೊಕ್ಕರೆ. ಸಾಗಿ ಎಂಬ ಉಚ್ಚಾರಕ್ಕೆ ಅಲ್ಲಿ ಮೋಸ ಎಂಬ ಅರ್ಥವೂ ಉಂಟು. ತಂಡ ಸೋತ ಮರುದಿನ ಊರವರು ಹೆಸರಿನ ಮೊದಲರ್ಧ ಬಿಟ್ಟು ಉಳಿದದ್ದನ್ನು ಮಾತ್ರ ಹೇಳುತ್ತಿದ್ದರು. ಹಾಗೆ ಹೇಳುವ ದಿನಗಳೇ ಹೆಚ್ಚು.

ಪ್ರತಿ ಮಾರ್ಚಿನಲ್ಲಿ ಊರಿನ ಸಂಜೆ ಪತ್ರಿಕೆ, ಹೊಸ ಋತುವಿನ ಮೊದಲ ತಂಡದಲ್ಲಿ ಯಾರಿರಬೇಕು ಎಂದು ಅಂಗಡಿ ಬೀದಿಯ ನಾಲ್ಕಾರು ಜನರನ್ನು ಕೇಳಿ ಅಚ್ಚು ಹಾಕುತ್ತಿತ್ತು. ಮೀನಿನಂಗಡಿಯವನು ತನಗಿಷ್ಟವಾದವರನ್ನೆಲ್ಲ ಹೇಳುತ್ತಿದ್ದ, ಅವನ ತಂಡದಲ್ಲಿ ಒಮ್ಮೆ ಚೆಂಡೆಸೆಯುವ ಪಿಚರ್‌ಗಳೇ ಕಡಿಮೆ ಬಿದ್ದಿದ್ದರು. ತೋಕುಜಿ ಹೇಳಿದ ತಂಡಕ್ಕೂ ತರಬೇತುದಾರರು ಪ್ರಕಟಿಸಿದ ತಂಡಕ್ಕೂ ಒಬ್ಬಿಬ್ಬರ ವ್ಯತ್ಯಾಸ ಬಂದರೆ ಹೆಚ್ಚು. ಅವನಿಗೆ ಒಳಗಿನ ಸುದ್ದಿ ಗೊತ್ತಿರುತ್ತದೆ, ಮಗ ಅದೇ ತಂಡದಲ್ಲಿದ್ದಾನಲ್ಲ, ಎಂದು ಕೆಲವರ ಗುಮಾನಿ. ಮಗ ತಂಡದ ಸುದ್ದಿ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ತೋಕುಜಿ ಕೇಳುತ್ತಲೂ ಇರಲಿಲ್ಲ. ಅವನು ಎರಡನೇ ದರ್ಜೆಯ ತಂಡದ ಅಭ್ಯಾಸ ಪಂದ್ಯಗಳ ಅಂಕಿಗಳನ್ನೂ ಬಿಡದೆ ಓದುತ್ತಿದ್ದ, ಅಷ್ಟೇ.

“ಸರಿ, ಮೊದಲನೇ ದಿನ ಶಿಮೊಜೋ ಎಸೆಯೋದು ಬೇಡ ಅಂದಿದ್ದೀರಲ್ಲ, ಅದೇನು?” ಎಂದ ಕುರಾಮೋಚಿ, ಪತ್ರಿಕೆಯನ್ನು ಹೊಟ್ಟೆಯ ಮೇಲಿಟ್ಟುಕೊಂಡು.

“ಚಳಿಗೆ ಅವನ ಚೆಂಡು ತಿರುಗಲ್ಲ. ಮೇ ತಿಂಗಳವರೆಗೆ ಸುಮ್ನೆ ನೇರ ಹೋಗತ್ತೆ. ಹೋದ ವರ್ಷ, ಅದರ ಹಿಂದಿನ ವರ್ಷ, ಎರಡೂ ನೋಡಿ.”

“ಆ ಹೊಸ ಅಮೆರಿಕದೋನು?”

“ದೂರ ಹೊಡೀತಾನೆ. ಆದ್ರೆ ಮೊದಲ ಬೇಸ್‌ನಲ್ಲಿ ಅವನ ಕಡೆ ಎಸೆದ ಚೆಂಡು ಸ್ವಲ್ಪ ಕೆಳಗೆ ಬಂತೋ, ಮುಗೀತು. ಬಗ್ಗಲ್ಲ. ಬ್ಯಾಟ್ ಮಾಡಲಿ, ಚೆಂಡು ಹಿಡಿಯೋಕೆ ನಿಲ್ಲಿಸೋದು ಬೇಡ.”

“ಅರಿಮುರಾ? ಆ ಹುಡುಗನಿಗೆ ಬ್ಯಾಟ್ ಹಿಡಿಯೋಕೇ ಬರಲ್ಲ.”

“ಓಡೋಕೆ ಬರತ್ತೆ. ಒಂಬತ್ತನೇ ಸರದೀಲಿ ಒಂದು ರನ್ ಬೇಕಾದಾಗ ಓಡೋನು ಬೇಕು. ಕೊನೇ ಜಾಗ ಅವನಿಗೆ.”

“ತಾಕುಮಾಗೆ ಅಲ್ಲ.”

“ಅಲ್ಲ.”

ಕುರಾಮೋಚಿ ಕನ್ನಡಿಯಲ್ಲಿ ತೋಕುಜಿಯ ಮುಖ ಹುಡುಕಿದ. ಅಲ್ಲಿ ಏನೂ ಸಿಗಲಿಲ್ಲ. “ನಾನು ಅವನಿಗೆ ಅಂತ ಡೋಲಿನ ಒಂದು ಏಟು ಎತ್ತಿಟ್ಟಿದ್ದೆ ಕಣ್ರೀ,” ಎಂದ. “ಇಷ್ಟು ವರ್ಷದಿಂದ.”

ಋತುವಿನ ಮೊದಲ ಪಂದ್ಯದ ಸಂಜೆ, ಆಟ ಶುರುವಾಗುವ ಮೊದಲು, ನೋಂದಾಯಿತರಾದ ಎಲ್ಲ ಆಟಗಾರರ ಹೆಸರನ್ನೂ ಒಂದೊಂದಾಗಿ ಕೂಗುತ್ತಾರೆ. ಹೆಸರು ಕರೆಸಿಕೊಂಡವನು ಓಡಿ ಬಂದು ಬಿಳಿ ಗೆರೆಯ ಮೇಲೆ ನಿಲ್ಲುತ್ತಾನೆ. ಹೆಸರಿಗೊಂದರಂತೆ ಡೋಲಿನ ಏಟು ಬೀಳುತ್ತದೆ. ವರ್ಷದಲ್ಲಿ ಒಂದೇ ಸಲ ನಡೆಯುವ ಕೆಲಸ. ಆಮೇಲೆ ಯಾರು ಮಧ್ಯದಲ್ಲಿ ಬಂದರೂ ಹೋದರೂ ಈ ಗೌರವವಿಲ್ಲ.

ಬ್ಯಾಟ್ ಮಾಡುವವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ತಾಕುಮಾ ಯಾವಾಗಲೂ ಮಧ್ಯದಲ್ಲಿ ಬಂದವನು. ಯಾರದೋ ಬೆರಳು ಮುರಿದಾಗ, ಯಾರಿಗೋ ಜ್ವರ ಬಂದಾಗ ಅವನನ್ನು ಕರೆಸುತ್ತಿದ್ದರು. ಮುಖ್ಯ ತಂಡದಲ್ಲಿ ಕೆಲವು ವಾರ ಕೂತು, ಅಪರೂಪಕ್ಕೆ ಕೊನೆಯ ಸರದಿಯಲ್ಲಿ ಚೆಂಡು ಹಿಡಿದು, ಮತ್ತೆ ಎರಡನೇ ತಂಡಕ್ಕೆ ಮರಳುತ್ತಿದ್ದ. ಮೊದಲ ದಿನದ ಬಿಳಿ ಗೆರೆಯ ಮೇಲೆ ಒಮ್ಮೆಯೂ ನಿಂತಿರಲಿಲ್ಲ. ಈಗ ಮೂವತ್ತೆರಡು. ಬಲಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತು. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಎಂಬ ಮಾತು ಉಳಿದಿರಲಿಲ್ಲ.

ಚಳಿಗಾಲದಲ್ಲೇ ಆಡಳಿತ ಕಚೇರಿ ಅವನಿಗೆ ಇನ್ನೊಂದು ಕೆಲಸ ತೋರಿಸಿತ್ತು: ಗೋಡೆ. ಪಂದ್ಯಕ್ಕೆ ಇಳಿಯುವ ಮೊದಲು ಪಿಚರ್‌ಗಳು ಬುಲ್‌ಪೆನ್ ಎಂಬ ಬದಿಯ ಅಂಗಳದಲ್ಲಿ ಎಸೆದು ಕೈ ಬಿಸಿ ಮಾಡಿಕೊಳ್ಳುತ್ತಾರೆ. ಆ ಚೆಂಡುಗಳನ್ನು ಹಿಡಿದು ಹಿಂದಿರುಗಿಸುವ ಕ್ಯಾಚರ್‌ಗೆ ಆಟದವರ ನಡುವೆ ಗೋಡೆ ಎನ್ನುತ್ತಾರೆ. ಸಂಬಳ ತಿಂಗಳು ತಿಂಗಳು ಬರುತ್ತದೆ. ಐವತ್ತು ದಾಟುವವರೆಗೂ ಕೆಲಸ ಉಳಿಯುತ್ತದೆ. ಆದರೆ ಗೋಡೆಯಾದವನು ಆಟಗಾರನಲ್ಲ, ನೌಕರ. ಅವನ ಹೆಸರು ಯಾರೂ ಕೂಗುವುದಿಲ್ಲ. ಮಾರ್ಚ್ ಮುಗಿಯುವುದರೊಳಗೆ ಉತ್ತರ ಹೇಳು ಎಂದಿದ್ದರು. ತಾಕುಮಾ ಕಾಯುತ್ತಿದ್ದ. ಅಂಗಡಿಯ ಮೇಲಿನ ಮನೆಯಲ್ಲಿ ಅವನ ತಾಯಿ ಹಾರುಯೊ ಕೂಡ ಕಾಯುತ್ತಿದ್ದಳು. ಅವಳಿಗೆ ಆಟದ ನಿಯಮಗಳು ಅರ್ಧಂಬರ್ಧ ಗೊತ್ತು. ಬಿಳಿ ಗೆರೆಯ ಮೇಲೆ ಮಗನ ಹೆಸರು ಒಂದು ಸಲ ಕೇಳಬೇಕು ಎಂದು ಮಾತ್ರ ಯಾವಾಗಲೋ ಹೇಳಿದ್ದಳು.

ತೋಕುಜಿ ಬಿಸಿನೀರಿನಿಂದ ಟವೆಲು ತೆಗೆದು ಹಿಂಡಿ, ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಕುರಾಮೋಚಿಯ ಮುಖಕ್ಕೆ ಹೊದಿಸಿದ. ಕತ್ತರಿ ಹಿಡಿದೂ ಹಿಡಿದೂ ಅವನ ಬಲಗೈಯ ಬೆರಳುಗಳು ಜೋಮುಗಟ್ಟಿದ್ದವು. ಬಿಸಿ, ತಂಪು ಎರಡೂ ತಿಳಿಯುತ್ತಿರಲಿಲ್ಲ.

ಕುರಾಮೋಚಿ ಹೋದ ಮೇಲೆ ಹಾರುಯೊ ಕೆಳಗಿಳಿದು ಬಂದಳು. ಪತ್ರಿಕೆ ಕುರ್ಚಿಯ ಮೇಲೇ ಇತ್ತು. ಅದನ್ನು ಮಡಚಿ ಕಾಯುವವರ ಬೆಂಚಿನ ಮೇಲಿಟ್ಟಳು.

“ಓದಿದ್ಯಾ?” ಎಂದ ತೋಕುಜಿ.

“ನಿನ್ನೆ ಸಂಜೇನೇ ಓದ್ದೆ. ಮೀನಂಗಡಿಯೋಳು ಬಾಗಿಲಿಗೇ ತಂದುಕೊಟ್ಲು.”

“ಕೇಳಿದ್ರು, ಹೇಳ್ದೆ.”

“ಹೌದು ಬಿಡಿ. ಕೇಳಿದ್ರೆ ಹೇಳ್ಬೇಕಲ್ಲ.” ಅವಳು ಪೊರಕೆ ತೆಗೆದುಕೊಂಡು ನೆಲದ ಕೂದಲು ಗುಡಿಸಿದಳು. “ಗೋಡೆ ಅನ್ನೋ ಮಾತು ಬೇಕಿತ್ತೇನ್ರೀ?”

“ಅದಕ್ಕೆ ಬೇರೆ ಮಾತಿಲ್ಲ.”

ಅವಳು ಮೊರದಲ್ಲಿ ಕೂದಲು ತುಂಬಿಕೊಂಡು ಒಳಗೆ ಹೋದಳು. ಅವಳಿಗೆ ಬೇಸರವಾಗಿದೆ ಎಂಬುದು ತೋಕುಜಿಗೆ ಗೊತ್ತಾಯಿತು. ಕಿಟಕಿಯಾಚೆ ಮಳೆ ಬರುವುದು ಗೊತ್ತಾದಷ್ಟೇ.

ಮಧ್ಯಾಹ್ನಕ್ಕೆ ಮುಂಚೆ ಫೋನ್ ಬಂತು. ಹಾರುಯೊ ಎತ್ತಿದಳು. ಅವಳು ಆಡಿದ್ದು “ಹೂಂ”, “ಯಾವಾಗ?”, “ಬಾ, ಬಾ” ಇಷ್ಟೇ. ಫೋನ್ ಇಟ್ಟು ತಿರುಗಿದಾಗ ಅವಳ ಮುಖ ಬೇರೆಯಾಗಿತ್ತು.

“ತಾಕುಮಾ. ಸಂಜೆ ಕೂದಲು ಕತ್ತರಿಸ್ಕೊಳ್ಳೋಕೆ ಬರ್ತಾನಂತೆ.”

ತೋಕುಜಿ ಕತ್ತರಿ ಒರೆಸುವುದನ್ನು ನಿಲ್ಲಿಸಿದ. ನಾಳೆ ಮೊದಲ ಪಂದ್ಯ. ಬಿಳಿ ಗೆರೆಯ ಮೇಲೆ ನಿಲ್ಲುವವರು ಹಿಂದಿನ ದಿನ ಕೂದಲು ಚೊಕ್ಕ ಮಾಡಿಸಿಕೊಳ್ಳುವುದು ತಂಡದ ಪದ್ಧತಿ. ಇಷ್ಟು ವರ್ಷದಲ್ಲಿ ಈ ದಿನ ತಾಕುಮಾ ಅಂಗಡಿಗೆ ಬಂದದ್ದಿಲ್ಲ.

“ಬೇರೆ ಏನಾದ್ರೂ ಹೇಳಿದ್ನಾ?”

“ಇನ್ನೇನು ಹೇಳ್ಬೇಕು?” ಎಂದಳು ಹಾರುಯೊ. ಮೇಲೆ ಹೋಗಿ ಕೆಂಪು ಅವರೆಯಂಥ ಅಜುಕಿ ಕಾಳು ಬೇಯಲಿಟ್ಟಳು. ಮನೆಯಲ್ಲಿ ಶುಭ ನಡೆದಾಗ ಮಾಡುವ ಕೆಂಪನ್ನಕ್ಕೆ ಅದೇ ಮೊದಲ ಕೆಲಸ. ಅಂಟಕ್ಕಿಯನ್ನು ಕಾಳಿನ ಕೆಂಪು ನೀರಿನಲ್ಲಿ ನೆನೆಹಾಕಿ, ಕೊಡೆ ತೆಗೆದುಕೊಂಡು ಮೀನು ತರಲು ಹೊರಟಳು. “ಶುಭಕ್ಕೆ ಅಂತ ತಾಯ್ ಮೀನು ತರ್ತೀನಿ, ಇಡೀದು, ತಲೆ ಬಾಲ ಎಲ್ಲ ಇರೋದು. ಆ ಮೀನಂಗಡಿಯೋಳ ಕೈಯಿಂದಲೇ ತರ್ತೀನಿ,” ಎಂದಳು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ತೋಕುಜಿ ಕುರ್ಚಿಯಲ್ಲಿ ಕೂತು ಲೆಕ್ಕವನ್ನು ಮೊದಲಿನಿಂದ ಹಾಕಿದ. ನೋಂದಣಿಗೆ ಮೂವತ್ತೊಂದು ಜಾಗ. ಕ್ಯಾಚರ್ ಇಬ್ಬರು, ಒಳಮೈದಾನದವರು, ಹೊರಮೈದಾನದವರು, ಓಡುವ ಅರಿಮುರಾ. ಕೊನೆಯ ಸರದಿಗಳ ಪಿಚರ್‌ಗಳು. ಉಳಿದದ್ದು ದಿನಕ್ಕೊಬ್ಬರಂತೆ ಪಂದ್ಯ ಆರಂಭಿಸುವ ಪಿಚರ್‌ಗಳಿಗೆ ನಾಲ್ಕು. ಒಟ್ಟು ಸರಿಯಾಗಿ ಮೂವತ್ತೊಂದು.

ನಾಲ್ಕು ಎಂಬಲ್ಲಿ ಅವನ ಬೆರಳು ನಿಂತಿತು.

ಮೊದಲ ಸರಣಿ ಶುಕ್ರ, ಶನಿ, ಭಾನುವಾರ. ಸೋಮವಾರ ಆಟವಿಲ್ಲ. ನಾಲ್ಕನೆಯ ಪಿಚರ್ ಎಸೆಯುವುದು ಮಂಗಳವಾರ. ಮಂಗಳವಾರ ಎಸೆಯುವವನನ್ನು ಶುಕ್ರವಾರವೇ ನೋಂದಾಯಿಸುವ ಮೂರ್ಖತನ ಯಾವ ತಂಡವೂ ಮಾಡುವುದಿಲ್ಲ. ಆ ಜಾಗದಲ್ಲಿ ಮೂರು ದಿನದ ಮಟ್ಟಿಗೆ ಇನ್ನೊಬ್ಬನನ್ನು ಕೂರಿಸಿ, ಮಂಗಳವಾರ ಅವನ ಹೆಸರು ಹೊಡೆದುಹಾಕುತ್ತಾರೆ. ಪ್ರತಿ ವರ್ಷ ಎಲ್ಲ ತಂಡಗಳೂ ಮಾಡುವುದು ಇದನ್ನೇ. ತೋಕುಜಿಯೇ ಎಷ್ಟೋ ಗಿರಾಕಿಗಳಿಗೆ ಇದನ್ನು ವಿವರಿಸಿದ್ದ. ಆ ಜಾಗಕ್ಕೆ ಸಾಮಾನ್ಯವಾಗಿ ಸಿಗುವುದು ಮೂರನೆಯ ಕ್ಯಾಚರ್.

ಅವನು ಮತ್ತೊಮ್ಮೆ ಎಣಿಸಿದ. ಒಂದು ಜಾಗ ಖಾಲಿ ಇತ್ತು.

ಬೇರೆ ಯಾವುದೇ ಹೆಸರಿನ ವಿಷಯದಲ್ಲಿ ಅವನು ಈ ತಪ್ಪು ಮಾಡುತ್ತಿರಲಿಲ್ಲ. ಈ ಸಲ ಮಗನ ಕಡೆ ವಾಲಬಾರದೆಂದು ಇನ್ನೊಂದು ಬದಿಗೆ ಜೋರಾಗಿ ಒರಗಿಬಿಟ್ಟಿದ್ದ. ಅದು ಅವನಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ. ಮುಂದಿನ ವರ್ಷ ಪತ್ರಿಕೆಯವರು ಬಂದಾಗ ತಪ್ಪನ್ನು ಹೇಳಬೇಕು ಎಂದುಕೊಂಡ. ಮೇಲಿನಿಂದ ಬೆಂದ ಕಾಳಿನ ವಾಸನೆ ಇಳಿದು ಬರುತ್ತಿತ್ತು.

ತಾಕುಮಾ ಬಂದಾಗ ಇನ್ನೂ ಬೆಳಕಿತ್ತು. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. ಶೂ ಬಿಚ್ಚಿ, ಯಾವಾಗಿನಂತೆ ಜೊತೆ ಮಾಡಿಟ್ಟು, ಕುರ್ಚಿಯಲ್ಲಿ ಕೂತ.

“ಚಿಕ್ಕದಾಗಿ ಮಾಡಪ್ಪ. ಕಿವಿ ಪೂರ್ತಿ ಕಾಣ್ಲಿ.”

“ಯಾವಾಗ್ಲೂ ಮಾಡೋ ಹಾಗೇನೇ?”

“ಅದಕ್ಕಿಂತ ಚಿಕ್ಕದು.”

ತೋಕುಜಿ ಅವನ ಕೊರಳಿಗೆ ಬಟ್ಟೆ ಕಟ್ಟಿದ. ಕತ್ತರಿ ಸದ್ದು ಸ್ವಲ್ಪ ಹೊತ್ತು ನಡೆಯಿತು. ಬೆನ್ನಿನ ಹಿಂದೆ ಒಂದೊಂದೇ ಮೆಟ್ಟಿಲು ಕರಕರ ಎಂದಿತು. ಹಾರುಯೊ ಇಳಿದು ಬಂದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು, ಕೈ ಏಪ್ರನ್‌ನಲ್ಲಿ ಒರೆಸಿಕೊಳ್ಳುತ್ತ.

“ಅಪ್ಪಾ, ಪತ್ರಿಕೆ ಓದ್ದೆ,” ಎಂದ ತಾಕುಮಾ.

“ಓಹೋ.”

“ಬೆಳಿಗ್ಗೆ ಎದ್ದ ತಕ್ಷಣ ಓದ್ದೆ. ಜಾಗ ಇಲ್ಲ, ಇದು ಲೆಕ್ಕ ಅಂತ ಇತ್ತಲ್ಲ. ನೀನು ಲೆಕ್ಕ ಅಂದ್ಮೇಲೆ ಮುಗೀತು ಅಂದ್ಕೊಂಡೆ. ಸೀದಾ ಕಚೇರಿಗೆ ಹೋದೆ. ಗೋಡೆ ಕೆಲಸ ಒಪ್ಕೋತೀನಿ ಅಂದೆ. ಕಾಗದಕ್ಕೆ ಸಹಿ ಮುದ್ರೆ ಒತ್ತಿದ್ದೂ ಆಯ್ತು. ನಾಳೆಯಿಂದಲೇ. ನೌಕರರೂ ಮೊದಲ ದಿನ ಶಿಸ್ತಾಗಿರ್ಬೇಕು ಅಂದ್ರು, ಅದಕ್ಕೇ ಕೂದಲು.”

ಕತ್ತರಿ ನಿಲ್ಲಲಿಲ್ಲ.

“ಹೊರಗೆ ಬರ್ತಾ ಇದ್ದೆ, ಕ್ಯಾಚರ್‌ಗಳ ಕೋಚ್ ಓಡ್ಬಂದ್ರು,” ಎಂದು ತಾಕುಮಾ ಮುಂದುವರಿಸಿದ. “ಏನೋ ಮಾಡಿಬಿಟ್ಟೆ ಮಾರಾಯ, ಮಂಗಳವಾರದವರೆಗೆ ಒಂದು ಜಾಗ ಇತ್ತು, ನಿನ್ನ ಹೆಸರೇ ಬರೆದಿದ್ವಿ, ಮಧ್ಯಾಹ್ನ ಹೇಳೋಣ ಅಂತಿದ್ವಿ, ಅಂದ್ರು.”

“ನಾಲ್ಕನೇ ಪಿಚರ್‌ನ ಸೇರಿಸಿಬಿಟ್ಟಿದ್ದೆ,” ಎಂದ ತೋಕುಜಿ.

“ಗೊತ್ತಾಯ್ತು. ಆಮೇಲೆ ನಾನೂ ಎಣಿಸ್ದೆ. ಅಲ್ಲೀವರೆಗೂ ಎಣಿಸಿರ್ಲಿಲ್ಲ. ನೀನು ಎಣಿಸಿದ್ದೀಯಲ್ಲ ಅಂತ.”

“ನೀನಾದ್ರೂ ನೋಡ್ಕೋಬೇಕಿತ್ತು.”

“ಹೌದು.”

“ಆ ಕಾಗದ ವಾಪಸ್ ತಗೊಳ್ಳೋಕೆ ಆಗಲ್ವೇನೋ?” ಎಂದಳು ಹಾರುಯೊ. ದನಿ ಸಾಮಾನ್ಯವಾಗಿಯೇ ಇತ್ತು, ಅಂಗಡಿಯಲ್ಲಿ ಬಟ್ಟೆ ಬದಲಾಯಿಸಿ ಕೊಡುತ್ತಾರೋ ಎಂದು ಕೇಳುವವಳಂತೆ.

“ಇಲ್ಲಮ್ಮ. ಲೀಗ್ ಕಚೇರಿಗೆ ಹೋಗಿಬಿಟ್ಟಿತ್ತು. ಆಟಗಾರರ ಪಟ್ಟಿಯಿಂದ ಹೆಸರು ತೆಗೆದಾಯ್ತು. ಬೆಳಿಗ್ಗೆ ಅಷ್ಟು ಬೇಗ ಹೋಗ್ಬಾರ್ದಿತ್ತು.”

“ತಿಂಡಿ ತಿಂದು ಹೋಗಿದ್ರೆ ಆಗ್ತಿತ್ತು,” ಎಂದಳು ಅವಳು.

“ಹೂಂ. ತಿಂಡಿ ತಿನ್ಲಿಲ್ಲ.”

ಯಾರೂ ನಗಲಿಲ್ಲ. ತೋಕುಜಿ ಮಗನ ಕತ್ತಿನ ಹಿಂದೆ ಕತ್ತಿ ಆಡಿಸಿದ. ಮಗನ ಮೇಲೆ ಕೋಪ ಬರಲಿಲ್ಲ, ತನ್ನ ಮೇಲೂ ಬರಲಿಲ್ಲ. ಮೂರು ದಿನ ಕೂತು ಮಂಗಳವಾರ ಎದ್ದು ಹೋಗುವ ಜಾಗಕ್ಕಿಂತ ಗೋಡೆಯ ಕೆಲಸವೇ ಮೇಲು ಎಂದು ಅಭಿಮಾನಿಯಾಗಿ ಅವನಿಗೆ ಈಗಲೂ ಅನ್ನಿಸುತ್ತಿತ್ತು. ಬುಲ್‌ಪೆನ್‌ನ ಹಳೆಯ ಗೋಡೆಗೆ ಮಂಡಿ ನೋವು. ಶಿಮೊಜೋನ ಚೆಂಡು ಮಳೆಗಾಲದೊಳಗೆ ಸರಿಯಾಗಬೇಕಾದರೆ ಒಳ್ಳೆಯ ಕೈ ಬೇಕು. ಅಭಿಪ್ರಾಯ ಸರಿಯಾಗಿಯೇ ಇತ್ತು. ತಪ್ಪಿದ್ದು ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳುವುದು ಬೇಡವೆನಿಸಿತು.

ಟವೆಲು ಹಿಂಡಿ ತಂದ. ಏನು ಯೋಚಿಸುತ್ತಿದ್ದನೋ, ಮಣಿಕಟ್ಟಿಗೆ ತಾಗಿಸಿ ನೋಡಲು ಮರೆತ. ಮಗನ ಮುಖದ ಹತ್ತಿರ ಒಯ್ದಾಗ ನೆನಪಾಗಿ ನಿಂತ. “ಬಿಸಿ ಇದ್ಯಾ ನೋಡು.”

ತಾಕುಮಾ ಬಟ್ಟೆಯೊಳಗಿಂದ ಎಡಗೈ ಹೊರತೆಗೆದು ತೋರುಬೆರಳಿನಿಂದ ಟವೆಲು ಮುಟ್ಟಿದ. ಮುಟ್ಟಿಕೊಂಡೇ ಇದ್ದ.

“ಗೊತ್ತಾಗ್ತಿಲ್ಲ. ಈ ಬೆರಳು ಸತ್ತು ಎಷ್ಟೋ ವರ್ಷ ಆಯ್ತು. ಚೆಂಡು ಇದರ ಬುಡಕ್ಕೇ ಬೀಳತ್ತೆ.”

“ನನಗೂ ಗೊತ್ತಾಗಲ್ಲ.”

ಹಾರುಯೊ ಬಂದು ಇಬ್ಬರ ಕೈಯಿಂದ ಟವೆಲು ತೆಗೆದುಕೊಂಡಳು. “ಸುಡ್ತಾ ಇದೆ,” ಎಂದು ಒಮ್ಮೆ ಗಾಳಿಯಲ್ಲಿ ಕೊಡವಿ, ಮಗನ ಮುಖ ತಾನೇ ಒರೆಸಿದಳು. ಹಣೆ, ಕೆನ್ನೆ, ಕಿವಿಯ ಹಿಂದೆ. “ಮೇಲೆ ಬನ್ನಿ. ಅನ್ನ ಆಗಿದೆ.”

“ಕೆಂಪನ್ನದ ವಾಸನೆ ಬರ್ತಿದೆ,” ಎಂದ ತಾಕುಮಾ.

“ಬರತ್ತೆ. ಮಾಡಿದ್ದೀನಿ.”

“ಯಾಕಮ್ಮ?”

“ಹೊಸ ಕೆಲಸ ಸಿಕ್ಕಿಲ್ವೇನೋ ನಿನಗೆ?”

ಮೂವರೂ ಊಟ ಮಾಡಿದರು. ಮೀನು ತಟ್ಟೆಗಿಂತ ಉದ್ದವಿತ್ತು, ಬಾಲ ಹೊರಗೆ ಚಾಚಿತ್ತು. ರೇಡಿಯೊದಲ್ಲಿ ಮೊದಲ ತಂಡ ಓದಿದರು. ಅರಿಮುರಾನ ಹೆಸರಿತ್ತು. ಮೂರು ದಿನದ ಜಾಗಕ್ಕೆ ಹೊರಮೈದಾನದ ಹೊಸ ಹುಡುಗನೊಬ್ಬ ಬಂದಿದ್ದ. ಅವನಿಂದ ಏನೂ ಉಪಯೋಗವಿಲ್ಲ ಎಂದ ತೋಕುಜಿ. ಚೆಂಡು ಚೆನ್ನಾಗಿ ಎಸೀತಾನೆ ಎಂದ ತಾಕುಮಾ. ಆ ಬಗ್ಗೆ ಸ್ವಲ್ಪ ಮಾತಾಯಿತು. ತಾಕುಮಾ ಎರಡು ಸಲ ಅನ್ನ ಹಾಕಿಸಿಕೊಂಡು ಹೋದ.

ಮರುದಿನ ಸಂಜೆ ಅಂಗಡಿ ತೆರೆದೇ ಇತ್ತು. ಮೊದಲ ಪಂದ್ಯಕ್ಕೆ ಕಾದಿರಿಸಿದ್ದ ಎರಡು ಟಿಕೆಟ್‌ಗಳನ್ನು ಹಾರುಯೊ ಮೀನಂಗಡಿಯವರಿಗೆ ಕೊಟ್ಟಿದ್ದಳು. ಗಿರಾಕಿಗಳು ಯಾರೂ ಇರಲಿಲ್ಲ. ಊರಿಗೆ ಊರೇ ಅಂಗಣದಲ್ಲಿತ್ತು. ತೋಕುಜಿ ಕತ್ತರಿಗಳಿಗೆ ಎಣ್ಣೆ ಹಾಕುತ್ತಿದ್ದ. ಹಾರುಯೊ ಒಗೆದ ಟವೆಲುಗಳನ್ನು ಮಡಚುತ್ತಿದ್ದಳು. ಕಿಟಕಿ ತೆರೆದಿತ್ತು. ಮುಚ್ಚೋಣವೇ ಎಂದು ಇಬ್ಬರೂ ಕೇಳಲಿಲ್ಲ.

ಹೆಸರು ಕೂಗುವುದು ಶುರುವಾಯಿತು. ಧ್ವನಿವರ್ಧಕದ ಮಾತು ಗಾಳಿಗೆ ಒಡೆದು ಬರುತ್ತಿತ್ತು, ಡೋಲು ಸ್ಪಷ್ಟವಾಗಿತ್ತು. ಪಿಚರ್‌ಗಳು ಮೊದಲು. ಹೆಸರು, ಏಟು. ಹೆಸರು, ಏಟು. ಶಿಮೊಜೋ ಹೆಸರಿಗೆ ಜನ ಜೋರಾಗಿ ಕೂಗಿದರು. ಚಳಿ ಇದೆ, ಇವತ್ತು ಹೊಡೆತ ತಿನ್ನುತ್ತಾನೆ, ಎಂದುಕೊಂಡ ತೋಕುಜಿ.

ಆಮೇಲೆ ಕ್ಯಾಚರ್‌ಗಳು. ಮೊದಲನೆಯವನ ಹೆಸರು, ಏಟು. ಎರಡನೆಯವನ ಹೆಸರು, ಏಟು.

ಒಂದು ಕ್ಷಣ ಏನೂ ಕೇಳಲಿಲ್ಲ. ಮತ್ತೆ ಒಂದು ಏಟು ಬಿತ್ತು. ಅದಕ್ಕೆ ಮುಂಚೆ ಯಾರ ಹೆಸರೂ ಕೂಗಿರಲಿಲ್ಲ.

ತೋಕುಜಿ ಕತ್ತರಿ ಕೆಳಗಿಟ್ಟ. ಅಷ್ಟರಲ್ಲಿ ಒಳಮೈದಾನದವರ ಹೆಸರು ಶುರುವಾಗಿ, ಡೋಲು ಮತ್ತೆ ಹೆಸರಿಗೊಂದರಂತೆ ಬೀಳುತ್ತಿತ್ತು.

“ಕುರಾಮೋಚಿ ಲೆಕ್ಕ ತಪ್ಪಿದ,” ಎಂದ. “ಕ್ಯಾಚರ್ ಇಬ್ರೇ ಇರೋದು. ಮೂರು ಬಾರಿಸ್ದ.”

ಹಾರುಯೊ ಮಡಚುತ್ತಿದ್ದ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು.

“ತಪ್ಪಲಿ ಬಿಡಿ,” ಎಂದಳು.